ಹುಟ್ಟು ಅಪರಾಧವಲ್ಲ



ಈ ಊರಿನ ಕನ್ನಡ ಶಾಲೆಗಳಲ್ಲಿ ಓದಿದ ನಾವು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರವನ್ನೂ ಸಮಾಜಶಾಸ್ತ್ರವನ್ನೂ ಅಭ್ಯಸಿಸಿದೆವು. ಅದು ಕಳ್ಳರನ್ನು ಹಿಡಿಯುವ ವಿದ್ಯೆಯೇ ಎಂದು ಹಿರಿಯರು ಕೇಳುವುದುಂಟು. ಒಬ್ಬನನ್ನು ಕಳ್ಳನೆಂದು ಸಮಾಜವು ಹೇಗೆ ನಿರ್ಣಯಿಸುತ್ತದೆಂಬುದನ್ನೇ ನಾವು ಅಲ್ಲಿ ಹೆಚ್ಚಾಗಿ ಕಲಿತೆವು.

ಇಟಲಿಯ ಲೊಂಬ್ರೋಸೊ 1876ರಲ್ಲಿ, ಹುಟ್ಟು ಅಪರಾಧಿಯನ್ನು ತಲೆಬುರುಡೆ, ಮುಖಲಕ್ಷಣಗಳಿಂದಲೇ ಗುರುತಿಸಬಹುದೆಂದನು. ಅಮೆರಿಕದ ಸದರ್ಲೆಂಡನಾದರೋ 1939ರಲ್ಲಿ, ಅಪರಾಧವು ಸಹವಾಸದಿಂದ ಕಲಿತದ್ದೆಂದು ಪ್ರತಿಪಾದಿಸಿದನು. ಸಹವಾಸದೋಷವೆಂಬ ಮಾತು ನಮ್ಮ ಹಿರಿಯರಿಗೂ ಹೊಸದಲ್ಲ.

ಪಾಠದ ನಡುವೆ ನಮ್ಮ ಊರೇ ಎದುರಾಯಿತು. 1871ರಲ್ಲಿ ಉತ್ತರ ಭಾರತದಲ್ಲಿ ಆರಂಭವಾದ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರಲ್ಲಿ ಬ್ರಿಟಿಷ್ ಇಂಡಿಯಕ್ಕೆಲ್ಲ ವಿಸ್ತರಿಸಿತು. ಕೈಕಾಡಿ, ಪಾರಧಿ ಮೊದಲಾದ ಜನರನ್ನು ಹುಟ್ಟಿನಿಂದಲೇ ಶಂಕಿತರನ್ನಾಗಿಸಿತು. ಸೊಲ್ಲಾಪುರದ ಸೆಟ್ಲ್‌ಮೆಂಟಿನಲ್ಲಿ ಅವರು ತಂತಿಬೇಲಿಯೊಳಗೆ ವಾಸಿಸಿ, ಹಾಜರಿ ಕೊಟ್ಟು, ಗಿರಣಿಗಳಲ್ಲಿ ದುಡಿದರು. ನಗರದ ಸಂಪತ್ತಿನಲ್ಲಿ ಅವರ ಬೆವರೂ ಇದೆ.

1952ರಲ್ಲಿ ಕಾಯಿದೆ ದೇಶದಾದ್ಯಂತ ರದ್ದಾಗಿ ಅವರು ವಿಮುಕ್ತರೆನಿಸಿದರು. ಕಾಗದದ ಮೇಲಿನ ವಿಮುಕ್ತಿಯು ಮನಸ್ಸಿನ ಬೇಲಿಯನ್ನು ತಾನಾಗಿ ಕೀಳದು. ಆ ಓಣಿಯ ಮಗು ಶಾಲೆಗೆ ಬಂದಾಗ, ಆ ಓಣಿಯ ತರುಣನು ಕೆಲಸ ಬೇಡಿದಾಗ, ಓಣಿಯ ಹೆಸರಿನಿಂದ ಅವರನ್ನು ಅಳೆಯದಿರೋಣ. ಗಡಿಯಲ್ಲಿದ್ದು ಭಾಷೆಯ ಮಾನಕ್ಕಾಗಿ ಶ್ರಮಿಸುತ್ತಿರುವ ನಾವು ನೆರೆಯವರ ಮಾನವನ್ನೂ ಕಾಯೋಣವೆಂದು ವಿನಂತಿಸುತ್ತೇವೆ.