ಅಂಚಿನ ಮೇಲಿನ ಹೆಸರು: ದಖ್ಖನಿನ ಸವಾರರ ಶೌರ್ಯಪದಕಗಳು

ವಸಾಹತು ಕಾಲದ ಅಶ್ವದಳಗಳ ಪದಕಗಳನ್ನು ಸಂಗ್ರಹಿಸುವ ಹವ್ಯಾಸವು ನಾಣ್ಯಸಂಗ್ರಹಕ್ಕಿಂತ ಒಂದು ಮುಖ್ಯ ಅಂಶದಲ್ಲಿ ಭಿನ್ನವಾಗಿದೆ. ನಾಣ್ಯದ ಮೇಲೆ ಅರಸನ ಹೆಸರು ಮಾತ್ರ ಇದ್ದರೆ, ಪದಕದ ಅಂಚಿನ ಮೇಲೆ ಬಹುಮಟ್ಟಿಗೆ ಅದನ್ನು ಪಡೆದ ಸಾಮಾನ್ಯ ಸವಾರನ ಸಂಖ್ಯೆ, ದರ್ಜೆ, ಹೆಸರು ಮತ್ತು ಪಡೆ ಕೆತ್ತಲ್ಪಟ್ಟಿರುತ್ತವೆ. ಈಸ್ಟ್ ಇಂಡಿಯಾ ಕಂಪನಿಯು 1837ರಲ್ಲಿ ದೇಶೀ ಸೈನಿಕರಿಗಾಗಿ ಆರಂಭಿಸಿದ ಆರ್ಡರ್ ಆಫ್ ಮೆರಿಟ್, 1907ರ ಇಂಡಿಯನ್ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಮೆಡಲ್, 1911ರಲ್ಲಿ ಭಾರತೀಯರಿಗೂ ತೆರೆದುಕೊಂಡ ವಿಕ್ಟೋರಿಯಾ ಕ್ರಾಸ್ ಇವೆಲ್ಲ ಅಂಥ ಸವಾರರಿಗೂ ದೊರೆಯುತ್ತಿದ್ದ ಶೌರ್ಯಪದಕಗಳು.

ಇಂಥ ಪದಕಗಳನ್ನು ಪಡೆದ ಪಡೆಗಳಲ್ಲಿ ಕಲಬುರಗಿ ಸೀಮೆಗೆ ಹತ್ತಿರವಾದದ್ದು ಹೈದರಾಬಾದ್ ಕಂಟಿಂಜೆಂಟ್, ಅಂದರೆ ನಿಜಾಮರ ಹಣದಲ್ಲಿ ಸಾಕಲ್ಪಟ್ಟು ಬ್ರಿಟಿಷ್ ಅಧಿಕಾರಿಗಳ ಆಜ್ಞೆಯಲ್ಲಿ ನಡೆಯುತ್ತಿದ್ದ ಸೈನ್ಯ. ಇದರ ಖರ್ಚಿಗೆಂದೇ 1853ರಲ್ಲಿ ಬೇರಾರ್ ಪ್ರಾಂತವನ್ನು ನಿಜಾಮರು ಕಂಪನಿಗೆ ವಹಿಸಿಕೊಡಬೇಕಾಯಿತು. ಇದರ ಸವಾರರು ಸಿಲ್ಲೇದಾರರು, ಎಂದರೆ ಕುದುರೆಯನ್ನೂ ಸಾಮಗ್ರಿಯನ್ನೂ ತಾವೇ ಒದಗಿಸಿಕೊಂಡು ಅದಕ್ಕೆ ತಕ್ಕ ಹೆಚ್ಚಿನ ಸಂಬಳ ಪಡೆಯುತ್ತಿದ್ದವರು. ಪರರ ಕುದುರೆ ಏರಿದವನು ಬಾರ್ಗೀರನೆನಿಸುತ್ತಿದ್ದನು. 1903ರಲ್ಲಿ ಕಂಟಿಂಜೆಂಟು ಭಾರತೀಯ ಸೈನ್ಯದಲ್ಲಿ ಲೀನವಾದಾಗ ಅದರ ಒಂದು ಅಶ್ವದಳವು 20ನೆಯ ಡೆಕ್ಕನ್ ಹಾರ್ಸ್ ಎಂದೂ ಮತ್ತೊಂದು 29ನೆಯ ಲಾನ್ಸರ್ಸ್ ಎಂದೂ ಹೆಸರು ಪಡೆದವು.

ಈ 29ನೆಯ ಲಾನ್ಸರ್ಸ್ ದಳದೊಡನೆ ಹೋರಾಡಿದ ರಿಸಾಯ್ದಾರ್ ಬದ್ಲು ಸಿಂಗರ ಕಥೆಯೊಂದೇ ಒಂದು ಭಾಷಣಕ್ಕೆ ಸಾಲುವಂಥದು. ರಿಸಾಯ್ದಾರ್ ಎಂಬುದು ಅಶ್ವದಳದಲ್ಲಿ ಭಾರತೀಯ ಅಧಿಕಾರಿಯ ಒಂದು ದರ್ಜೆ. ಹರಿಯಾಣದ ಜಾಟ್ ಕುಟುಂಬದ ಈ ವೀರರು ಮೂಲತಃ 14ನೆಯ ಮರ್ರೇಸ್ ಜಾಟ್ ಲಾನ್ಸರ್ಸ್‌ಗೆ ಸೇರಿದವರು. ಮೊದಲನೆಯ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಜೋರ್ಡಾನ್ ನದಿಯ ಪಶ್ಚಿಮ ದಡದಲ್ಲಿ ಇವರ ತುಕಡಿಯು ಶತ್ರುನೆಲೆಯ ಮೇಲೆ ಏರಿಹೋಗುತ್ತಿದ್ದಾಗ, ಎಡಬದಿಯ ಸಣ್ಣ ಗುಡ್ಡದಿಂದ ಮಷಿನ್‌ಗನ್ನುಗಳೂ ಸುಮಾರು 200 ಕಾಲಾಳುಗಳೂ ಸುರಿಸುತ್ತಿದ್ದ ಗುಂಡಿಗೆ ಸವಾರರು ಬೀಳುತ್ತಿರುವುದನ್ನು ಕಂಡು, ಅವರು ಕೇವಲ ಆರು ಮಂದಿಯನ್ನು ಕೂಡಿಸಿಕೊಂಡು ಆ ಗುಡ್ಡದ ಮೇಲೆಯೇ ನುಗ್ಗಿದರು. ನೆತ್ತಿಯಲ್ಲಿ ಒಂದು ಮಷಿನ್‌ಗನ್ನನ್ನು ಏಕಾಂಗಿಯಾಗಿ ವಶಪಡಿಸಿಕೊಳ್ಳುವಾಗ ಅವರಿಗೆ ಮಾರಣಾಂತಿಕ ಗಾಯವಾಯಿತಾದರೂ, ಪ್ರಾಣ ಹೋಗುವ ಮೊದಲೇ ಶತ್ರುಗಳೆಲ್ಲ ಶರಣಾಗಿದ್ದರು. ಮರಣೋತ್ತರವಾಗಿ ಬಂದ ವಿಕ್ಟೋರಿಯಾ ಕ್ರಾಸ್ ಬರಿಯ ಕಂಚು. ಕರಗಿಸಿದರೆ ಒಂದು ಲೋಟಕ್ಕೂ ಸಾಲದು!

ಅದೇ ದಿನ ಮೈಸೂರು ಮತ್ತು ಜೋಧಪುರದ ಲಾನ್ಸರುಗಳು ಹೈಫಾ ಪಟ್ಟಣವನ್ನು ಗೆದ್ದದ್ದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯುತ್ತಾರೆ, ದಖ್ಖನಿನ ದಳವನ್ನು ಮಾತ್ರ ಮರೆತಿದ್ದಾರೆ. ಇಷ್ಟಾಗಿಯೂ, ಇದೇ ಕಂಟಿಂಜೆಂಟು 1858ರಲ್ಲಿ ಬ್ರಿಟಿಷರಿಗೆ ಎದುರಾಗಿ ಬಂಡೆದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕರ ವಿರುದ್ಧ ಬಂದ ಸೈನ್ಯವೂ ಹೌದು. ಸುರಪುರದ ಕೋಟೆಯನ್ನು ಕಾದವರಿಗೆ ಪದಕ ಕೊಡುವ ಸರ್ಕಾರ ಆಗ ಇರಲಿಲ್ಲವಾದ್ದರಿಂದ, ಸಂಗ್ರಾಹಕರ ಪೆಟ್ಟಿಗೆಯು ಶೌರ್ಯದ ಅರ್ಧ ಲೆಕ್ಕವನ್ನಷ್ಟೇ ಒಪ್ಪಿಸುತ್ತದೆ ಎನ್ನಬೇಕು.

ನಿಗದಿಯಾದ ಅವಧಿ ಮುಗಿಯುತ್ತ ಬಂದಿರುವುದರಿಂದ, ಪದಕಗಳ ಅಸಲಿತನವನ್ನು ಪರೀಕ್ಷಿಸುವ ಕ್ರಮವನ್ನು ಸಂಕ್ಷೇಪವಾಗಿಯೇ ಹೇಳಬೇಕಾಗಿದೆ. ಅಂಚನ್ನು ಉಜ್ಜಿ ಬೇರೆ ಹೆಸರು ಕೊರೆದ ಪದಕದಲ್ಲಿ ಅಂಚು ತೆಳುವಾಗಿರುತ್ತದೆ; ಆರ್ಡರ್ ಆಫ್ ಮೆರಿಟ್‌ನ ನಕ್ಷತ್ರದಲ್ಲಿ ಸಾಮಾನ್ಯವಾಗಿ ಹೆಸರೇ ಇರುವುದಿಲ್ಲವಾದ್ದರಿಂದ, ಅದೇ ಸವಾರನ ಇತರ ಪದಕಗಳೂ ದಾಖಲೆಗಳೂ ಜೊತೆಗಿದ್ದರೆ ಮಾತ್ರ ಅದು ಯಾರದೆಂದು ತಿಳಿಯುತ್ತದೆ; ಆದ್ದರಿಂದ ಒಬ್ಬನ ಪದಕಗಳನ್ನು ಬಿಡಿಬಿಡಿಯಾಗಿ ಮಾರುವುದು ಅನ್ಯಾಯ. ಹುಣಸೆಹಣ್ಣು ಹಾಕಿ ತಿಕ್ಕಬಾರದು. ಹಳೆಯ ರಿಬ್ಬನ್ನನ್ನು ಬದಲಿಸಬಾರದು. ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆ ಅನ್ವಯಿಸುವುದರಿಂದ ಅವುಗಳನ್ನು ಖಾಸಗಿಯಾಗಿ ವಿದೇಶಕ್ಕೆ ಸಾಗಿಸುವಂತಿಲ್ಲ. ಕಲಬುರಗಿ ನಗರದಲ್ಲಾಗಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಾಗಲಿ, ಹಳೆಯ ಟ್ರಂಕಿನಲ್ಲಿ ಬೆಳ್ಳಿಯ ಬಿಲ್ಲೆಯೊಂದು ಸಿಕ್ಕರೆ, ಅದು ಸರಾಫರ ತಕ್ಕಡಿಗೆ ಹೋಗುವ ಮುನ್ನ ಭೂತಗನ್ನಡಿ ಹಿಡಿದು ಅಂಚನ್ನು ಓದಿಸುವುದು ಒಳಿತು. ಮಹಾಯುದ್ಧದ ಬೆಳ್ಳಿಪದಕಗಳಲ್ಲಿ ಎಷ್ಟೋ ಹಾಗೆಯೇ ಕರಗಿ ಕಾಲ್ಗಡಗಗಳಾಗಿವೆ. ಮೇಲೆ ಹೆಸರಿಸಿದ ಇನ್ನೊಂದು ದಳವಾದ 20ನೆಯ ಡೆಕ್ಕನ್ ಹಾರ್ಸ್ 1916ರ ಜುಲೈ 14ರಂದು ಫ್ರಾನ್ಸಿನ ಹೈ ವುಡ್ ಬಳಿ ಈಟಿ ಹಿಡಿದು ನಡೆಸಿದ ದಾಳಿಯ ವಿಚಾರಕ್ಕೆ ಇಂದು ಸಮಯ ಉಳಿದಿಲ್ಲ.