ಹಳೆಯ ಕಥೆಯನ್ನು ಮತ್ತೆ ಹೇಳುವ ಬಗೆ



ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದು, ಅವನ್ನು ಯಾರಿಗೂ ಹೇಳದೆ ಇಟ್ಟುಕೊಂಡ ಹೆಂಗಸಿನ ವೃತ್ತಾಂತವೊಂದು ಕನ್ನಡನಾಡಿನಲ್ಲಿ ಉಂಟು. ಸೆರೆಯಿಂದ ಬೇಸತ್ತ ಅವೆರಡೂ ಅವಳು ಬಾಯ್ದೆರೆದು ಮಲಗಿದ್ದಾಗ ಹೊರಬಿದ್ದುವು. ಕಥೆಯು ಜೋಡುಗಳಾಗಿ ಬಾಗಿಲಲ್ಲಿ ಕುಳಿತಿತು. ಹಾಡು ಗಂಡಸಿನ ಅಂಗಿಯಾಗಿ ಗೂಟದಲ್ಲಿ ತೂಗಿತು. ಮನೆಗೆ ಬಂದ ಗಂಡನು, ಇವು ಯಾರವೆಂದು ಕೇಳಿದರೆ ಅವಳಲ್ಲಿ ಉತ್ತರವಿಲ್ಲ. ಜಗಳವಾಗಿ ಅವನು ಹನುಮಂತನ ಗುಡಿಗೆ ಹೋಗಿ ಮಲಗಿದನು. ಊರ ದೀಪಗಳ ಕುಡಿಗಳು ಮನೆಗಳಲ್ಲಿ ಆರಿದ ಬಳಿಕ ಅಲ್ಲಿ ಕೂಡಿ ಹರಟುತ್ತಿದ್ದುವು. ಅವನ ಮನೆಯ ದೀಪವು ತಡವಾಗಿ ಬಂದು ನಡೆದುದನ್ನೆಲ್ಲ ಹೇಳಿತು. ಅವನು ಮರಳಿ ಬಂದು ವಿಚಾರಿಸುವಷ್ಟರಲ್ಲಿ ಹೆಂಡತಿಗೆ ಕಥೆಯೂ ಮರೆತಿತ್ತು, ಹಾಡೂ ಮರೆತಿತ್ತು.

ಈ ಕಥೆಯನ್ನು ಎ. ಕೆ. ರಾಮಾನುಜನ್ನರು ಸಂಗ್ರಹಿಸಿ ಲೋಕಕ್ಕೆ ತಿಳಿಸಿದರು. ಗಿರೀಶ ಕಾರ್ನಾಡರು ಅವರಿಂದ ಕೇಳಿದ ಕಥೆಗಳಿಂದಲೇ 1988ರಲ್ಲಿ ‘ನಾಗಮಂಡಲ’ವನ್ನು ರಚಿಸಿದರು. ಅಲ್ಲಿ ದೀಪಗಳು ಪಾಳುಗುಡಿಯಲ್ಲಿ ಸೇರುವವು. ಕಥೆಯು ಹೆಂಗಸಿನ ರೂಪದಿಂದ ಬಂದು ತನ್ನನ್ನು ತಾನೇ ಹೇಳಿಕೊಳ್ಳುವದು. ಗಂಡನ ರೂಪದಿಂದ ಬಂದ ನಾಗನನ್ನು ಹೆಂಡತಿಯು ಗುರುತಿಸದೆ ಇರುವಳೇ ಎಂಬ ಶಂಕೆ ಕೇಳುವವರ ಮನಸ್ಸಿನಲ್ಲಿ ಏಳದೆ ಇರದು. ನಾಟಕವು ಈ ಶಂಕೆಯನ್ನು ಮುಚ್ಚಿಡದೆ ಬಾಯಿಬಿಟ್ಟು ಕೇಳಿತು. ಕಥೆಗೆ ಬೇರೆ ಮುಗಿತಾಯಗಳೂ ದೊರೆತುವು.

ಮರುಕಥನದ ಹೊಳಹು ಹೆಚ್ಚಾಗಿ ಇಂಥ ಎಡೆಯಲ್ಲಿಯೇ ಸಿಕ್ಕುವದು. ಹೇಳುವವರು ಬೇಗನೆ ದಾಟಿಹೋದ ಸ್ಥಳದಲ್ಲಿ ಕೇಳುವವನು ನಿಲ್ಲಬೇಕು. ರಾಜಕುಮಾರನಿಗೆ ಕುದುರೆಯ ಬದಲು ಮೋಟಾರನ್ನು ಕೊಡುವದರಿಂದ ಕಥೆ ಹೊಸದಾಗದು. ಬರಿಯ ಬಾಡಿಗೆ ಹೆಚ್ಚಾಗುವದು!

ಕಥಾಸರಿತ್ಸಾಗರದ ಬೇತಾಳನ ಪ್ರಶ್ನೆಯನ್ನೇ ನೋಡಿರಿ. ದೇವಿಯ ಗುಡಿಯಲ್ಲಿ ಗಂಡನೂ ಹೆಂಡತಿಯ ಸಹೋದರನೂ ತಲೆ ಕಡಿದುಕೊಂಡರು. ದೇವಿಯ ವರ ಪಡೆದ ಹೆಂಡತಿಯು ಅವಸರದಲ್ಲಿ ತಲೆಗಳನ್ನು ಅದಲುಬದಲಾಗಿ ಜೋಡಿಸಿದಳು. ಗಂಡನಾರು? ತಲೆಯೇ ಅಂಗಗಳಲ್ಲಿ ಮುಖ್ಯ, ಗಂಡನ ತಲೆಯುಳ್ಳವನೇ ಗಂಡನೆಂದು ಅರಸನು ತೀರ್ಮಾನಿಸಿದನು. ಹಳೆಯ ಕಥೆ ಅಲ್ಲಿಗೆ ಮುಗಿಯುವದು. ಆದರೆ ಅವರು ಮನೆಗೆ ಹೋದ ಮೇಲೆ ಸಂಸಾರ ಹೇಗೆ ಸಾಗಿತು? ಜರ್ಮನ್ ಲೇಖಕ ತಾಮಸ್ ಮಾನನು 1940ರಲ್ಲಿ ಆ ದಾರಿ ಹಿಡಿದನು. ಅವನಲ್ಲಿ ಎರಡನೆಯವನು ಸಹೋದರನಲ್ಲ, ಸ್ನೇಹಿತ; ದೇಹಗಳು ಮೆಲ್ಲಮೆಲ್ಲನೆ ತಲೆಗಳಿಗೆ ತಕ್ಕಂತೆ ಮಾರ್ಪಡುವವು. 1971ರ ‘ಹಯವದನ’ದಲ್ಲಿ ಕಾರ್ನಾಡರು ಅದರ ಬದಿಗೆ ಕುದುರೆಯ ತಲೆಯ ಮನುಷ್ಯನೊಬ್ಬನನ್ನು ನಿಲ್ಲಿಸಿದರು. ತಲೆಯೇ ಹಿರಿದೆಂಬ ಅರಸನ ತೀರ್ಪು ಇವನ ಮುಂದೆ ನಗೆಗೀಡಾಗುವದು.

ಹೀಗೆ ಕೇಳುವದಕ್ಕೆ ಕಥೆಯು ಮೊದಲು ಕಿವಿಗೆ ಬೀಳಬೇಕು. ಒಂದೇ ಕಥೆಯನ್ನು ಅತ್ತೆ ಒಂದು ಬಗೆಯಾಗಿಯೂ ಸೊಸೆ ಇನ್ನೊಂದು ಬಗೆಯಾಗಿಯೂ ಹೇಳುವದುಂಟು, ಇದರಲ್ಲಿ ತಪ್ಪುಪಾಠವೆಂಬುದಿಲ್ಲ. ತಿದ್ದಿ ಒಂದು ಮಾಡಿದರೆ ಕೇಳಬೇಕಾದ ಪ್ರಶ್ನೆಯೇ ಅಳಿದುಹೋಗುವದು.

ಹೂವಿನ ಮರವಾಗುವ ಹುಡುಗಿಯ ಕಥೆಯನ್ನು ಇಲ್ಲಿಯ ಮಾತೆಯರಲ್ಲಿ ಕೆಲವರಾದರೂ ಬಲ್ಲರು. ಅಕ್ಕನು ಎಚ್ಚರದಿಂದ ನೀರೆರೆದರೆ ಅವಳು ಮರವಾಗುವಳು, ಮತ್ತೆ ಹುಡುಗಿಯಾಗುವಳು. ಗಂಡನ ಮನೆಯಲ್ಲಿ ನಾದಿನಿಯೂ ಗೆಳತಿಯರೂ ಕೊಂಬೆ ಮುರಿದು, ನೀರನ್ನು ಹೇಗೆಂದರೆ ಹಾಗೆ ಚೆಲ್ಲಿ ಓಡಿಹೋದರು. ಅವಳು ಕೈಕಾಲಿಲ್ಲದೆ ಉಳಿದಳು. ಮುಂದೆ ಗಂಡನು ಅವಳನ್ನು ಸರಿಪಡಿಸಿದನು. ಆದರೆ ಆ ದಿನ ಮಡಿಲ ತುಂಬ ಹೂ ಹೊತ್ತು ಮನೆಗೆ ಬಂದ ನಾದಿನಿಯು ತಾಯಿಗೆ ಏನೆಂದು ಹೇಳಿರಬಹುದು?