ಗಟ್ಟಿಮೇಳಕ್ಕೆ ಬಂದ ಸ್ಯಾಕ್ಸೋಫೋನ್



ಕುದೂರು, ಸೋಲೂರು, ಮಾಗಡಿ ಕಡೆಯ ಮದುವೆಗಳಲ್ಲಿ ವಾಲಗದವರ ನಡುವೆ ಸ್ಯಾಕ್ಸೋಫೋನ್ ಕಂಡರೆ ಈಗ ಯಾರಿಗೂ ಅಚ್ಚರಿಯಿಲ್ಲ. ಪುರೋಹಿತರು ಗಟ್ಟಿಮೇಳ ಎಂದರೆ ಸಾಕು, ಡೋಲಿನ ಜೊತೆ ಅದೂ ಮೊಳಗುತ್ತದೆ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ಹಿತ್ತಾಳೆ ವಾದ್ಯ ನಮ್ಮ ಚಪ್ಪರದೊಳಗೆ ಬಂದದ್ದು ಹೇಗೆ? ಅದನ್ನು ತಿಳಿಯಲು ಕೆಲವು ಧ್ವನಿಮುದ್ರಣಗಳನ್ನೇ ಕೇಳಬೇಕು.

ಮೊದಲನೆಯದು ನ್ಯೂಯಾರ್ಕಿನದು. 1939ರ ಅಕ್ಟೋಬರ್ 11ರಂದು ಜಾಝ್ ವಾದಕ ಕೋಲ್ಮನ್ ಹಾಕಿನ್ಸ್ ಅಲ್ಲಿ 'ಬಾಡಿ ಅಂಡ್ ಸೋಲ್' ಎಂಬ ಹಾಡನ್ನು ಟೆನರ್ ಸ್ಯಾಕ್ಸೋಫೋನಿನಲ್ಲಿ ನುಡಿಸಿದರು. ಅದು ಸ್ವಿಂಗ್ ಜಾಝ್‌ನ ಕಾಲ, ದೊಡ್ಡ ದೊಡ್ಡ ಬ್ಯಾಂಡುಗಳು ಜನರನ್ನು ಕುಣಿಸುತ್ತಿದ್ದ ಕಾಲ. ಆಗಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ. ಹಾಕಿನ್ಸ್ ಮೂಲ ಧಾಟಿಯನ್ನು ಶುರುವಿನಲ್ಲಿ ಸ್ವಲ್ಪ ತೋರಿಸಿ ಬಿಟ್ಟುಬಿಡುತ್ತಾರೆ. ಉಳಿದದ್ದೆಲ್ಲ ಆ ಗಳಿಗೆಯಲ್ಲೇ ಹುಟ್ಟಿದ್ದು. ನಮ್ಮ ಸಂಗೀತಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಮನೋಧರ್ಮ ಎಂದರೆ ಮುಗಿಯಿತು. ಕುಣಿತಕ್ಕೆ ಒದಗದ ಆ ತಟ್ಟೆಯನ್ನು ಜನ ಮುಗಿಬಿದ್ದು ಕೊಂಡರು. ಬ್ಯಾಂಡಿನ ಸಾಲಿನಲ್ಲಿ ಕೂರುತ್ತಿದ್ದ ವಾದ್ಯ ಒಂಟಿಯಾಗಿಯೂ ಸಭೆಯನ್ನು ಹಿಡಿದು ನಿಲ್ಲಿಸಬಲ್ಲದು ಎಂಬುದು ಅಂಥ ತಟ್ಟೆಗಳಿಂದ ಖಚಿತವಾಯಿತು.

ನಮ್ಮಲ್ಲಿಯೂ ಅದು ಮೊದಲು ಕಾಣಿಸಿಕೊಂಡದ್ದು ಬ್ಯಾಂಡಿನಲ್ಲೇ. ಬಂಟ್ವಾಳದ ಸಜಿಪಮೂಡದಲ್ಲಿ ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥರಿಗೆ ಸ್ಯಾಕ್ಸೋಫೋನಿನ ಹುಚ್ಚು ಹಿಡಿದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿದ ಮೇಲೆ. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದರಾಸಿನ ಟಿ.ವಿ. ಗೋಪಾಲಕೃಷ್ಣನ್ ಗೋಪಾಲನಾಥರ ಗುರುಗಳಾದರು.

ಕಷ್ಟ ಎಲ್ಲಿತ್ತು ಎಂಬುದನ್ನು ಹೇಳಲೇಬೇಕು. ನಾಗಸ್ವರದಲ್ಲಿ ಬೆರಳು ನೇರವಾಗಿ ರಂಧ್ರದ ಮೇಲೆ ಕೂರುತ್ತದೆ. ಅರ್ಧ ಮುಚ್ಚಿ, ಕಾಲು ತೆರೆದು ಸ್ವರವನ್ನು ಜಾರಿಸಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳು ಒತ್ತುವುದು ಕೀಲಿಯನ್ನು. ರಂಧ್ರವನ್ನು ಮುಚ್ಚುವುದು ಅದರ ತುದಿಯ ಮುಚ್ಚಳ. ತೋಡಿ ರಾಗದ ಗಾಂಧಾರವನ್ನು ಅದರಲ್ಲಿ ತೂಗುವುದು ಹೇಗೆ? ತುಟಿಯ ಬಿಗಿ ಮತ್ತು ಉಸಿರಿನಿಂದಲೇ ಆ ಕೆಲಸವಾಗಬೇಕು. ಗೋಪಾಲನಾಥರು ವರ್ಷಗಟ್ಟಲೆ ದುಡಿದದ್ದು ಇದಕ್ಕಾಗಿ. ವಾದ್ಯವನ್ನೂ ತಮ್ಮ ಅನುಕೂಲಕ್ಕೆ ತಕ್ಕಂತೆ ಮಾರ್ಪಡಿಸಿಕೊಂಡರು.

1980ರ ಬೊಂಬಾಯಿ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಗೋಪಾಲನಾಥರ ವಾದನ ಕೇಳಿ ಮೆಚ್ಚಿ ಜೊತೆಗೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಕಛೇರಿ. ಅದೇ ವರ್ಷ ಕೆ. ಬಾಲಚಂದರ್ ಅವರ ತಮಿಳು ಚಿತ್ರ 'ಡ್ಯುಯೆಟ್'. ಸಂಗೀತ ಎ.ಆರ್. ರೆಹಮಾನ್ ಅವರದು. ಆ ಚಿತ್ರಕ್ಕಾಗಿ ತಾವು ರಾಗದ ಮೇಲೆ ರಾಗ ನುಡಿಸಿದರೂ ರೆಹಮಾನ್ ಅವರಿಗೆ ಸಮಾಧಾನವಾಗಲಿಲ್ಲ, ಕೊನೆಗೆ ಕಲ್ಯಾಣವಸಂತಕ್ಕೆ ಒಪ್ಪಿದರು ಎಂದು ಗೋಪಾಲನಾಥರೇ ಹೇಳಿಕೊಂಡಿದ್ದರು. ಆ ಕ್ಯಾಸೆಟ್ಟಿನಿಂದ ಸ್ಯಾಕ್ಸೋಫೋನ್ ಸಭೆ ಸಮಾರಂಭಗಳ ಆಚೆಗೂ, ಬಸ್ಸು, ಹೋಟೆಲುಗಳಿಗೂ ತಲುಪಿತು. ಆದರೂ ಅವರ ಹೆಚ್ಚುಗಾರಿಕೆ ಸಿನಿಮಾ ತುಣುಕಿನಲ್ಲಿಲ್ಲ, ಎ. ಕನ್ಯಾಕುಮಾರಿಯವರ ಪಿಟೀಲಿನೊಂದಿಗೆ ನಡೆಸಿದ ಕಛೇರಿಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಮುಂದಿನ ಕಥೆ ಅಮೆರಿಕದಲ್ಲಿ. ಅಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ — ಹೆಸರು ಕೇಳಿದರೇ ನಮ್ಮ ಕಡೆಯವರು ಅನ್ನಿಸುತ್ತದಲ್ಲವೇ? — ಜಾಝ್ ಕಲಿಯುತ್ತಿದ್ದಾಗ ಅವರ ಅಣ್ಣ ತಮಾಷೆಗೆಂದು 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್' ಎಂಬ ಧ್ವನಿಮುದ್ರಣ ಕೊಟ್ಟರು. ಅದು ಗೋಪಾಲನಾಥರದು. ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಎಂಬ ಆಲ್ಬಂ ಹೊರತಂದರು. ಎರಡೂ ಆಲ್ಟೋ ಸ್ಯಾಕ್ಸೋಫೋನುಗಳು. ಪಕ್ಕದಲ್ಲಿ ಮೃದಂಗ, ಪಿಟೀಲು, ಗಿಟಾರ್, ಡ್ರಮ್ಸ್. ಯಾವುದು ಯಾರ ಉಸಿರು ಎಂದು ಗಮನವಿಟ್ಟು ಕೇಳಿದರೆ ತಿಳಿಯುತ್ತದೆ: ಒಬ್ಬರು ಸ್ವರವನ್ನು ಓಲಾಡಿಸುತ್ತಾರೆ, ಇನ್ನೊಬ್ಬರು ಕತ್ತರಿಸಿ ಎಸೆಯುತ್ತಾರೆ.

2004ರಲ್ಲಿ ಪದ್ಮಶ್ರೀ ಪಡೆದ ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

ಕೇಳುಗರಲ್ಲಿ ಒಂದು ಕೋರಿಕೆ. ಮುಂದಿನ ಸಲ ಮದುವೆಗೆ ಹೋದಾಗ ಊಟದ ಪಂಕ್ತಿಗೆ ಓಡುವ ಮೊದಲು ವಾಲಗದವರ ಹತ್ತಿರ ಹತ್ತು ನಿಮಿಷ ಕುಳಿತು, ಸಿನಿಮಾ ಹಾಡು ಬಿಟ್ಟು ಒಂದು ರಾಗ ನುಡಿಸಿ ಎಂದು ಕೇಳಿ. ನುಡಿಸಬಲ್ಲವರು ಅವರಲ್ಲಿ ಇದ್ದಾರೆ, ಕೇಳುವವರು ಬೇಕು.